ಒಳಗಿನ ನೀರು

ವಿಮೆ ಕಂಪನಿಯ ಕಾಗದ ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಸರಿಯಾಗಿ ಊಟದ ಹೊತ್ತಿಗೆ. ಹಾರ್ಮ್ ಅದನ್ನು ನಿಂತೇ ಓದಿದ, ನಾಲ್ಕು ಮಡಿಕೆ ಮಾಡಿದ, ಸಾಸಿವೆ ಸೂಪಿನ ಬಿಸಿ ಪಾತ್ರೆಯ ಅಡಿಗೆ ಇಟ್ಟ. ಮೇಜು ಸುಡದಿರಲು ಪಾತ್ರೆಯ ಅಡಿಗೆ ಏನಾದರೂ ಬೇಕಿತ್ತು. ಆ ಕಾಗದಕ್ಕೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಇಲ್ಲವೆಂದು ಅವನ ತೀರ್ಮಾನ.

"ಯಾರ್ದು?" ಎಂದಳು ಹೆಂಡತಿ ಫೆನ್ನಾ.

"ಯಾರ್ದೂ ಇಲ್ಲ. ಸೂಪ್ ಹಾಕು."

ನಲವತ್ತನಾಲ್ಕು ವರ್ಷ ಒಂದೇ ಹಡಗಿನಲ್ಲಿ ಸಂಸಾರ ಮಾಡಿದ ಹೆಂಗಸಿಗೆ ಇಂಥ ಮಾತಿನ ಅರ್ಥ ಗೊತ್ತಿರುತ್ತದೆ. ಗಂಡ ಉಂಡು, ಟೋಪಿ ಹಾಕಿಕೊಂಡು ಡೆಕ್ಕಿನ ಮೇಲೆ ಹೋದಮೇಲೆ ಅವಳು ಪಾತ್ರೆ ಎತ್ತಿ ಕಾಗದ ಬಿಡಿಸಿದಳು. ಹಡಗು ಕಟ್ಟಿ ತೊಂಬತ್ತೆಂಟು ವರ್ಷವಾಯಿತು. ತಳದ ಉಕ್ಕಿನ ತಗಡು ಈಗ ಎಷ್ಟು ದಪ್ಪ ಉಳಿದಿದೆ ಎಂದು ಪರವಾನಗಿಯಿರುವ ಸರ್ವೇಯರ್ ಒಬ್ಬರಿಂದ ಅಳತೆ ಮಾಡಿಸಿ, ಮೇ ಒಂದರೊಳಗೆ ವರದಿ ಕಳಿಸಬೇಕು. ಕಳಿಸದಿದ್ದರೆ ವಿಮೆ ಅಂದಿಗೆ ಮುಗಿಯಿತು. ವಿಮೆಯಿಲ್ಲದ ಹಡಗನ್ನು ಊರಿನ ಕಾಲುವೆಯಲ್ಲಿ ಕಟ್ಟಿಕೊಳ್ಳಲು ಬಿಡುವುದಿಲ್ಲ ಎಂದು ಕಾಗದದಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಎರಡು ವರ್ಷದ ಹಿಂದೆ ಅವರ ಪಕ್ಕದ ಜಾಗ ಖಾಲಿಯಾದದ್ದೇ ಹಾಗೆ.

ಹೊರಗಿನವರು ಯಾರೋ ಬಂದು ತಳವನ್ನು ನೋಡುತ್ತಾರೆ ಎಂಬ ಸಾಲನ್ನು ಫೆನ್ನಾ ಎರಡು ಸಲ ಓದಿದಳು. ಅದಕ್ಕೆ ಅವಳದೇ ಒಂದು ಕಾರಣವಿತ್ತು. ಕಾಗದವನ್ನು ಮೊದಲಿನ ಹಾಗೆಯೇ ನಾಲ್ಕು ಮಡಿಕೆ ಮಾಡಿ ಪಾತ್ರೆಯ ಅಡಿಗೆ ಇಟ್ಟುಬಿಟ್ಟಳು.

"ಯೊಹಾನ್ನಾ" ಹಾರ್ಮನ ಅಜ್ಜ ಕಟ್ಟಿಸಿದ ಸರಕು ಹಡಗು. ಅಜ್ಜ ಅದರಲ್ಲಿ ಆಲೂಗಡ್ಡೆ ಸಾಗಿಸಿದ, ಅಪ್ಪ ಮರಳು ಸಾಗಿಸಿದ, ಹಾರ್ಮ್ ಸಕ್ಕರೆ ಕಾರ್ಖಾನೆಗೆ ಬೀಟ್‌ಗೆಡ್ಡೆ ಸಾಗಿಸಿದ. ಇಂಥ ಸಣ್ಣ ಹಡಗುಗಳಿಗೆ ಯಾರೂ ಸರಕು ಕೊಡದ ಕಾಲ ಬಂದಾಗ ಸರಕಿನ ಕೋಣೆಗೆ ಕಿಟಕಿ ಕೊರೆದು ಮನೆ ಮಾಡಿದ. ಗ್ರೋನಿಂಗನ್ ಊರಿನ ಕಾಲುವೆಯಲ್ಲಿ ಹಗ್ಗ ಕಟ್ಟಿದ. ಹಿಂಭಾಗದಲ್ಲಿ ಗಂಡ ಹೆಂಡತಿ. ಮುಂಭಾಗದಲ್ಲಿ, ಊರಿನ ಬಾಡಿಗೆಗೆ ಹೆದರಿ ಹೋದ ಅಕ್ಟೋಬರಿನಲ್ಲಿ ಬಂದು ಸೇರಿದ ಮಗಳು ಯಾಂಟಿನಾ ಮತ್ತು ಅಳಿಯ ಬಾಸ್ಟಿಯಾನ್. ಯಾಂಟಿನಾಗೆ ಜೂನಿನಲ್ಲಿ ಹೆರಿಗೆ. ತೊಟ್ಟಿಲು ಇಡುವ ಮೂಲೆಗೆ ಹಾರ್ಮ್ ಆಗಲೇ ಎರಡು ಸಲ ಬಣ್ಣ ಬಳಿದಿದ್ದ. ಮೊದಲನೆಯ ಹಳದಿ ಅವನಿಗೇ ಹಿಡಿಸಿರಲಿಲ್ಲ.

ಬಣ್ಣದ ವಿಷಯದಲ್ಲಿ ಅವನು ಮಡಿವಂತ. ಮೂರು ವರ್ಷಕ್ಕೊಮ್ಮೆ ಹಡಗನ್ನು ದುರಸ್ತಿಕಟ್ಟೆಗೆ ಒಯ್ದು, ಹಳಿಯ ಮೇಲೆ ನೀರಿನಿಂದ ಮೇಲಕ್ಕೆ ಎಳೆಸಿ, ಹೊಟ್ಟೆಯಡಿ ಮಲಗಿಕೊಂಡು ಪಾಚಿ ಕೆರೆದು, ತುಕ್ಕು ಉಜ್ಜಿ, ಮೂರು ಕೈ ಕಪ್ಪು ಬಣ್ಣ ಬಳಿಯುತ್ತಿದ್ದ. ಕೂಲಿಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಪ್ಪನ ಕಾಲದ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ತಲೆ ವಾಲಿಸಿ ಸದ್ದು ಕೇಳಿ, "ಸರಿಯಿದೆ" ಎನ್ನುತ್ತಿದ್ದ. ಅಲ್ಲಿಗೆ ತಪಾಸಣೆ ಮುಗಿಯಿತು.

ಸಂಜೆ ಆರಕ್ಕೆ ಬ್ರೆಡ್ಡು, ಚೀಸು, ಉಪ್ಪು ಮೀನಿನ ಊಟ. ಮೇಜು ಸರಿಮಾಡುವ ಸರದಿ ಬಾಸ್ಟಿಯಾನನದು. ಪಾತ್ರೆ ಎತ್ತಿದವನ ಕೈಗೆ ಸೂಪಿನ ದುಂಡು ಕಲೆಯ ಕಾಗದ ಸಿಕ್ಕಿತು.

"ಮಾವ, ಇದು ಇನ್ಶೂರೆನ್ಸಿನವರ ಕಾಗದ ಅಲ್ವಾ?"

"ಅದು ಪಾತ್ರೆ ಇಡೋ ಮಣೆ."

"ಮೇ ಒಂದು ಅಂತ ಬರ್ದಿದೆ. ಇನ್ನು ಆರು ವಾರ ಇದೆ ಅಷ್ಟೆ."

"ಆರು ವಾರ ಸೂಪ್ ಇಡ್ಬಹುದು ಅದರ್ ಮೇಲೆ."

ಯಾಂಟಿನಾ ಕಾಗದ ಕಿತ್ತುಕೊಂಡಳು. "ಅಪ್ಪಾ! ಯಾವಾಗ ಹೇಳ್ಬೇಕು ಅಂತಿದ್ದೆ ಇದನ್ನ? ತೊಟ್ಟಿಲು ತಂದ್ಮೇಲಾ?"

"ಹೇಳೋಕೇನಿದೆ ಅದ್ರಲ್ಲಿ? ಎಪ್ಪತ್ತೊಂದು ವರ್ಷ ಈ ತಗಡಿನ್ ಮೇಲೆ ಮಲಗಿದೀನಿ. ಯಾವನೋ ಒಂದು ಅಳೆಯೋ ಡಬ್ಬಿ ಹಿಡ್ಕೊಂಡು ಬಂದು, ಇದು ಇಷ್ಟು ದಪ್ಪ ಇದೆ ಕಣಪ್ಪ ಅಂತ ನಂಗೆ ಹೇಳ್ಬೇಕಾ?"

"ನಿಂಗೆ ಹೇಳೋದ್ ಬೇಡ. ಅವ್ರಿಗೆ ಹೇಳ್ಬೇಕು."

"ಬಂದು ನನ್ನ ಕೇಳ್ಲಿ, ಹೇಳ್ತೀನಿ."

"ನಿನ್ನ ಹಡಗಿಗೆ ನೀನೇ ಸರ್ಟಿಫಿಕೇಟ್ ಕೊಟ್ರೆ ಯಾರಪ್ಪ ಒಪ್ತಾರೆ? ನಿನ್ನ ಕಣ್ಣು ನೀನೇ ಟೆಸ್ಟ್ ಮಾಡ್ಕೋತೀಯಾ?"

"ಸುತ್ತಿಗೆ ಇದೆ ನನ್ನ ಹತ್ರ."

"ಕಣ್ಣಿಗಾ?"

ಬಾಸ್ಟಿಯಾನನಿಗೆ ನಗು ತಡೆಯಲಿಲ್ಲ. ಹಾರ್ಮ್ ಅವನ ಕಡೆ ತಿರುಗಿದ. "ನೀನು ನಗ್ಬೇಡಪ್ಪ. ಬಸ್ ಓಡ್ಸೋನು ನೀನು. ರೋಡಲ್ಲಿ ಗುಂಡಿ ಕಂಡ್ರೆ ಪಕ್ಕಕ್ಕೆ ತಿರುಗಿಸ್ಕೊಂಡು ಹೋಗ್ತೀಯ. ನೀರಿನ್ ವಿಷ್ಯ ನಿಂಗೇನ್ ಗೊತ್ತು?"

"ನೀರಿನ್ ವಿಷ್ಯ ಗೊತ್ತಿಲ್ಲ ಮಾವ. ಆದ್ರೆ ನನ್ನ ಬಸ್ಸನ್ನ ಬೇರೆಯವ್ರು ಬಂದು ಚೆಕ್ ಮಾಡ್ತಾರೆ. ಹದಿನೈದು ವರ್ಷ ಓಡ್ಸಿದೀನಿ, ನಂಗೆ ಗೊತ್ತಿಲ್ವಾ ಅಂತ ನಾನು ಅವ್ರ ಮೇಲೆ ರೇಗಲ್ಲ." ಬಾಸ್ಟಿಯಾನ್ ದನಿ ಎತ್ತುವವನಲ್ಲ. ಚೀಸಿನ ಚಾಕುವನ್ನು ಒರೆಸಿ ಕೆಳಗಿಟ್ಟ. "ವರದಿ ಇಲ್ದೇ ಇರೋ ಕಡೆ ನನ್ನ ಮಗು ಮಲಗಲ್ಲ. ನಮ್ಮಮ್ಮನ ಮನೇಲಿ ಒಂದು ರೂಮ್ ಖಾಲಿ ಇದೆ."

"ಏಳನೇ ಮಹಡೀಲಾ?"

"ಏಳನೇ ಮಹಡೀಲಿ."

ನಾಲ್ಕು ತಲೆಮಾರಿನಲ್ಲಿ ಆ ಮನೆತನದ ಒಂದು ಮಗುವೂ ನೆಲದ ಮೇಲೆ ಬೆಳೆದಿರಲಿಲ್ಲ. ಹಾರ್ಮ್ ತಟ್ಟೆ ನೂಕಿದ. ತೊಟ್ಟಿಲ ಮೂಲೆಯ ಕಡೆ ನೋಡಿದ, ಕಾಗದದ ಕಡೆ ನೋಡಿದ.

"ಅಮ್ಮಾ, ನೀನಾದ್ರೂ ಹೇಳೇ," ಎಂದಳು ಯಾಂಟಿನಾ. "ನೀನೇನಂತೀಯ?"

"ಚೀಸ್ ಯಾರಿಗ್ ಬೇಕು?" ಎಂದಳು ಫೆನ್ನಾ.

"ಕರ್ಸಿ," ಎಂದ ಹಾರ್ಮ್ ಕೊನೆಗೆ. "ಕರ್ಸಿ ನಿಮ್ಮ ಡಬ್ಬಿಯವನ್ನ. ಆದ್ರೆ ಮೊದ್ಲು ನಾನು ಬಣ್ಣ ಬಳೀತೀನಿ. ಆಮೇಲೆ ಅವ್ನು ನೋಡ್ಲಿ."

"ಬಣ್ಣಕ್ ಮುಂಚೆ ನೋಡ್ಬೇಕಪ್ಪಾ. ಪೌಡರ್ ಹಚ್ಕೊಂಡು ಡಾಕ್ಟರ್ ಹತ್ರ ಹೋಗ್ತಾರಾ ಯಾರಾದ್ರೂ?"

ಹಾರ್ಮ್ ಎದ್ದು ಹಗ್ಗ ನೋಡಿ ಬರುತ್ತೇನೆಂದು ಮೇಲೆ ಹೋದ. ಹಗ್ಗಕ್ಕೆ ಏನೂ ಆಗಿರಲಿಲ್ಲ.

ಶನಿವಾರ ಒಂಬತ್ತು ಗಂಟೆಗೆ ಹಾರ್ಮ್ ಮೀನಿನ ಮಾರುಕಟ್ಟೆಗೆ ಹೊರಡುವುದು ವಾಡಿಕೆ. ಹೊರಡುವಾಗ "ಬರ್ತೀಯಾ?" ಎಂದು ಕೇಳುವುದೂ ವಾಡಿಕೆ. ಹಿಂದೆಲ್ಲ ಫೆನ್ನಾ ಹೋಗುತ್ತಿದ್ದಳು. ಮೀನು ಕೊಂಡು, ಸೇತುವೆಯ ಬಳಿ ಇಬ್ಬರೂ ಒಂದೊಂದು ಲೋಟ ಕಾಫಿ ಕುಡಿದು ಬರುತ್ತಿದ್ದರು. ಈಗ ಮೂರು ಚಳಿಗಾಲದಿಂದ ಅವಳ ಉತ್ತರ ಒಂದೇ: "ಕೆಲ್ಸ ಇದೆ, ನೀನ್ ಹೋಗ್ಬಾ."

ಕೆಲಸವೇನೋ ಇತ್ತು. ಗಂಡನ ಸೈಕಲ್ಲು ಸೇತುವೆ ದಾಟಿದ್ದನ್ನು ಕಿಟಕಿಯಲ್ಲಿ ನೋಡಿ, ಅವಳು ಅಡಿಗೆಮನೆಯ ನೆಲದ ಒಂದು ಹಲಗೆ ಎತ್ತುತ್ತಿದ್ದಳು. ಕೆಳಗೆ ಕೈಯಳತೆಯಲ್ಲಿ ಹಡಗಿನ ತಳ. ಅಲ್ಲಿ ನೀರು ನಿಂತಿರುತ್ತಿತ್ತು. ಮೊಣಕಾಲೂರಿ, ಸ್ಪಂಜಿನಿಂದ ಹೀರಿ, ಬಕೆಟ್ಟಿಗೆ ಹಿಂಡಿ, ಒಣಬಟ್ಟೆಯಿಂದ ಒರೆಸಿ, ಹಲಗೆ ಮುಚ್ಚಿ, ಅದರ ಮೇಲೆ ಚಾಪೆ ಎಳೆಯುತ್ತಿದ್ದಳು. ಗಂಡ ಬರುವ ಹೊತ್ತಿಗೆ ಕಾಫಿ ತಯಾರಿರುತ್ತಿತ್ತು.

ಮೊದಲ ಸಲ ಆ ನೀರು ಕಂಡಾಗ ಅವಳ ಜೀವ ಹಾರಿಹೋಗಿತ್ತು. ಬೆರಳು ಅದ್ದಿ ಮೂಸಿದಳು. ಲ್ಯಾವೆಂಡರ್ ಸೋಪಿನ ವಾಸನೆ. ಅಬ್ಬ, ಸದ್ಯ, ಎಂದುಕೊಂಡಳು. ಹಡಗಿನಲ್ಲಿ ಹುಟ್ಟಿ ಹಡಗಿಗೇ ಮದುವೆಯಾಗಿ ಬಂದವಳಿಗೆ ಗೊತ್ತಿದ್ದ ಭಯ ಒಂದೇ, ಹೊರಗಿನ ನೀರು ಒಳಗೆ ಬರುವುದು. ಇದು ಒಳಗಿನ ನೀರು. ಷವರಿನ ನೀರು. ಒರೆಸಿದರಾಯಿತು.

ಆ ಷವರಿನ ಕಥೆಯೂ ಸಣ್ಣದಲ್ಲ. ಫೆನ್ನಾ ಹುಟ್ಟಿದಾಗಿನಿಂದ ತಗಡಿನ ಟಬ್ಬಿನಲ್ಲಿ ಮಂಡಿ ಮಡಿಸಿ ಕೂತು, ಕೆಟಲಿನಲ್ಲಿ ಕಾಸಿದ ನೀರು ಸುರಿದುಕೊಂಡು ಸ್ನಾನ ಮಾಡಿದವಳು. ಗಂಡನಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: ನಿಂತುಕೊಂಡು ಸ್ನಾನ ಮಾಡುವ ಹಾಗೊಂದು ಜಾಗ. ಸರಕು ಸಾಗಿಸುವುದು ನಿಂತ ವರ್ಷವೇ ಹಾರ್ಮ್ ಅದನ್ನು ಕಟ್ಟಿದ. ಒಂದಿಡೀ ಚಳಿಗಾಲ ಹಿಡಿಯಿತು. ನೀಲಿ ಬಿಳಿ ಟೈಲ್ಸನ್ನು ಒಂದೊಂದಾಗಿ ಕೂರಿಸಿ, ನೆಲದ ನಡುವೆ ನೀಲಿ ನಕ್ಷತ್ರ ಮಾಡಿದ. ಬಾಗಿಲು ತೆರೆದು ಅವಳಿಗೆ ತೋರಿಸಿದ ದಿನ ಈ ಒರಟ ನಲ್ಲಿ ತಿರುಗಿಸಿ, ಬಟ್ಟೆ ಹಾಕಿಕೊಂಡೇ ಅದರಡಿ ನಿಂತುಬಿಟ್ಟಿದ್ದ.

ಅದು ಸೋರುತ್ತಿದೆ ಎಂದು ಹೇಗೆ ಹೇಳುವುದು? ಹೇಳಿದರೆ ಟೈಲ್ಸ್ ಒಡೆಯಬೇಕು, ನಕ್ಷತ್ರ ಒಡೆಯಬೇಕು. ವಾರಕ್ಕೆ ಹತ್ತು ನಿಮಿಷದ ಸ್ಪಂಜಿನ ಕೆಲಸ ಅದಕ್ಕಿಂತ ಅಗ್ಗವೆನಿಸಿತು. ಮೊದಲ ಚಳಿಗಾಲ ಅರ್ಧ ಬಕೆಟ್ಟು ಬರುತ್ತಿತ್ತು. ಎರಡನೆಯದರಲ್ಲಿ ಒಂದು. ಈ ಶನಿವಾರ ಎರಡು ತುಂಬಿ, ಕೊನೆಯ ಸಲ ಹಿಂಡಿದಾಗ ಸ್ಪಂಜಿನಿಂದ ಕೆಂಪಗೆ ತುಕ್ಕು ಇಳಿಯಿತು.

ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡಳು. ಹಾರ್ಮ್ ಎರಡು ದಪ್ಪ ಹ್ಯಾಡಕ್ ಮೀನು ತೂಗಾಡಿಸುತ್ತ ಮೆಟ್ಟಿಲಿಳಿದು ಬಂದ. "ಮೀನಿನವ್ನು ಕೇಳ್ದ, ನಿನ್ನ ಹೆಂಡ್ತಿ ಸತ್ತೋದ್ಲಾ, ಕಾಣೋದೇ ಇಲ್ವಲ್ಲ ಅಂತ. ಎಲ್ಲ ಸರಿಯಿದ್ಯಾ?"

"ಎಲ್ಲ ಸರಿಯಿದೆ," ಎಂದಳು.

ಏಪ್ರಿಲ್ ಎರಡನೆಯ ವಾರ ಯೊಹಾನ್ನಾ ದುರಸ್ತಿಕಟ್ಟೆ ಏರಿತು. ಹಳಿಯ ಮೇಲಿನ ಹಡಗು ಸ್ವಲ್ಪ ಹಿಂದಕ್ಕೆ ವಾಲಿಕೊಂಡಿರುತ್ತದೆ; ತಟ್ಟೆಯ ಬಟಾಣಿ ಒಂದೇ ಕಡೆ ಸೇರುತ್ತದೆ, ಮಲಗಿದರೆ ರಕ್ತವೂ. ನಲ್ಲಿ ಬಿಡುವ ಹಾಗಿಲ್ಲ, ಪಾಯಿಖಾನೆಗೆ ಹದಿನಾಲ್ಕು ಮೆಟ್ಟಿಲ ಏಣಿ ಇಳಿದು ಕಟ್ಟೆಯ ಆಚೆ ತುದಿಗೆ ಹೋಗಬೇಕು. ಏಳು ತಿಂಗಳ ಬಸುರಿಗೆ ಇದೆಲ್ಲ ಆಗದ ಮಾತು. ಯಾಂಟಿನಾ ಅತ್ತೆಯ ಏಳನೇ ಮಹಡಿಗೆ ಹೋದಳು. ಬಾಸ್ಟಿಯಾನ್ ರಜೆ ಹಾಕಿ ಮಾವನ ಜೊತೆ ಪಾಚಿ ಕೆರೆಯಲು ಉಳಿದ.

ಪಾಚಿಯೆಲ್ಲ ಹೋಗಿ ತಳ ಬೋಳಾದ ಮರುದಿನ ಬೆಳಿಗ್ಗೆ ಏಳೂವರೆಗೆ ಸರ್ವೇಯರ್ ಬಂದಳು. ಐವತ್ತರ ಹೆಂಗಸು, ನರೆತ ಕೂದಲು, ಮಂಡಿಗೆ ಮೆತ್ತೆ ಕಟ್ಟಿಕೊಂಡಿದ್ದಳು. ಹೆಸರು ವೀರ್ಸ್ಮಾ.

"ಡಬ್ಬಿಯವ್ನು ಎಲ್ಲಿ?" ಎಂದ ಹಾರ್ಮ್.

"ಡಬ್ಬಿ ಇದೆ. ಅವ್ನಿಲ್ಲ, ನಾನಿದೀನಿ," ಎಂದಳು ಅವಳು. "ಮೊದ್ಲು ಒಳಗೆ ನೋಡ್ತೀನಿ. ನೆಲ ಎಲ್ಲೆಲ್ಲಿ ಎತ್ತಬಹುದು?"

"ತಳ ನೋಡೋಕೆ ಒಳಗ್ಯಾಕೆ ಬರ್ಬೇಕು?"

"ತಗಡಿಗೆ ಎರಡು ಮಗ್ಗುಲು ಇರತ್ತಲ್ಲ."

ಹಾರ್ಮ್ ಎಂಜಿನ್ ಕೋಣೆ ತೋರಿಸಿದ, ಮುಂಭಾಗ ತೋರಿಸಿದ. ಅಡಿಗೆಮನೆಗೆ ಬಂದು, ಚಾಪೆ ಸರಿಸಿ, ಆ ಹಲಗೆ ಎತ್ತಿದ. ಫೆನ್ನಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಅವಳು ಐದು ಗಂಟೆಗೇ ಎದ್ದು ಅಲ್ಲಿ ಒರೆಸಿದ್ದಳು. ವೀರ್ಸ್ಮಾ ಟಾರ್ಚ್ ಹಾಕಿ ನೋಡಿದಳು, ಬೆರಳಾಡಿಸಿದಳು.

"ಇಲ್ಲಿ ಯಾರೋ ಈಗಷ್ಟೆ ಒರೆಸಿದ ಹಾಗಿದೆ."

"ನಾನು ಆಗಾಗ ಕ್ಲೀನ್ ಮಾಡ್ತಿರ್ತೀನಿ," ಎಂದಳು ಫೆನ್ನಾ.

ಹಾರ್ಮ್ ಹಿಗ್ಗಿ ಹೀರೇಕಾಯಾದ. "ನೋಡಿದ್ರಾ? ನೆಲದ ಕೆಳಗೂ ಒರೆಸ್ತಾಳೆ ನನ್ ಹೆಂಡ್ತಿ! ಬರ್ಕೊಳ್ಳಿ, ಅದನ್ನೂ ಬರ್ಕೊಳ್ಳಿ."

ವೀರ್ಸ್ಮಾ ಒಂದು ಗಳಿಗೆ ಫೆನ್ನಾಳ ಮುಖ ನೋಡಿದಳು. "ಸ್ನಾನದ ಮನೆ ಕೆಳಗೆ?"

"ಅಲ್ಲಿ ಎತ್ತೋ ಹಾಗಿಲ್ಲ. ಮುಚ್ಚಳ ಇಟ್ಟಿದ್ರೆ ನಕ್ಷತ್ರ ಹಾಳಾಗ್ತಿತ್ತು."

"ಸರಿ," ಎಂದು ಅವಳು ಏನೋ ಗೀಚಿಕೊಂಡು ಏಣಿ ಇಳಿದಳು.

ಹಡಗಿನ ಹೊಟ್ಟೆಯಡಿ ಅವಳ ಕೆಲಸ ನಿಧಾನ. ಅರ್ಧರ್ಧ ಮೀಟರಿಗೆ ಒಂದು ಜಾಗ ಉಜ್ಜಿ ಬೆಳ್ಳಗೆ ಮಾಡುವುದು, ಅಂಟುದ್ರವ ಹಚ್ಚುವುದು, ಡಬ್ಬಿಯ ತಂತಿಯ ತುದಿ ಒತ್ತುವುದು, ಬಂದ ಅಂಕಿಯನ್ನು ಸೀಮೆಸುಣ್ಣದಿಂದ ತಗಡಿನ ಮೇಲೇ ಬರೆಯುವುದು. ಐದೂವರೆ ಮಿಲಿಮೀಟರು. ಐದು ಮುಕ್ಕಾಲು. ಐದೂಕಾಲು. ನಾಲ್ಕಕ್ಕಿಂತ ಮೇಲಿದ್ದರೆ ವಿಮೆಯವರಿಗೆ ಸಾಕು. ಹಾರ್ಮ್ ಹಿಂದೆಯೇ ಬಗ್ಗಿ ನಡೆಯುತ್ತ, ಮಗನ ಅಂಕಪಟ್ಟಿ ಓದುವ ಅಪ್ಪನ ಹಾಗೆ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದ.

"ಇಷ್ಟು ಚೆನ್ನಾಗಿ ಇಟ್ಕೊಂಡಿರೋ ತಳ ಈ ವರ್ಷ ನಾನು ನೋಡೇ ಇಲ್ಲ," ಎಂದಳು ವೀರ್ಸ್ಮಾ. ಅದು ಉಪಚಾರದ ಮಾತಾಗಿರಲಿಲ್ಲ.

"ಕೇಳ್ಸ್ಕೊಂಡ್ಯಾ, ಬಸ್ಸಿನವ್ನೇ?"

"ಕೇಳ್ಸ್ತು ಮಾವ, ಕೇಳ್ಸ್ತು," ಎಂದ ಬಾಸ್ಟಿಯಾನ್.

ಸ್ನಾನದ ಮನೆಯ ನೇರಕ್ಕೆ ಬಂದಾಗ ವೀರ್ಸ್ಮಾಳ ಕೈ ನಿಂತಿತು. ಒತ್ತಿದಳು, ತೆಗೆದಳು, ಮತ್ತೆ ಉಜ್ಜಿ ಮತ್ತೆ ಒತ್ತಿದಳು. ಎರಡು ಮುಕ್ಕಾಲು ಎಂದು ಬರೆದಳು. ಪಕ್ಕದಲ್ಲಿ ಎರಡೂಕಾಲು. ಅದರಾಚೆ ಒಂದೂವರೆ. ಹಾರ್ಮ್ ಓದುವುದನ್ನು ನಿಲ್ಲಿಸಿದ.

"ನಿಮ್ಮ ಡಬ್ಬಿ ಕೆಟ್ಟಿದೆ."

"ಬೇರೆ ಕಡೆ ಸರಿಯಾಗೇ ತೋರಿಸ್ತಲ್ಲ."

"ಹೊರಗೆ ಒಂದು ಚುಕ್ಕೆ ತುಕ್ಕಿಲ್ಲ ಇಲ್ಲಿ! ನೋಡಿ, ಕಣ್ಣಿದ್ರೆ ನೋಡಿ!"

"ಹೊರಗಿಲ್ಲ. ಇದು ಒಳಗಿಂದ ತಿಂದಿರೋದು."

ಹಾರ್ಮ್ ಹೋಗಿ ಅಪ್ಪನ ಸುತ್ತಿಗೆ ತಂದ. "ಬೇಡ, ಹೊಡೀಬೇಡಿ," ಎಂದಳು ವೀರ್ಸ್ಮಾ. ಅವನು ಕೇಳಲಿಲ್ಲ. ಕೋಪದಲ್ಲಿ ಎತ್ತಿ ಹೊಡೆದದ್ದಲ್ಲ, ಯಾವಾಗಲೂ ತಟ್ಟುವ ಹಾಗೆಯೇ ತಟ್ಟಿದ. ಸುತ್ತಿಗೆಯ ತುದಿ ತಗಡಿನೊಳಗೆ ಹೋಯಿತು.

ಎಳೆದಾಗ ಕಾಸಿನಗಲದ ತೂತು. ಅದರಿಂದ ನೀರು ಬಂತು. ನೆಲದ ಮೇಲೆ ನಿಂತ ಹಡಗಿನ ಒಳಗಿನಿಂದ ಹೊರಗೆ, ಬೂದುಬಣ್ಣದ ನೀರು, ಹಾರ್ಮನ ಮುಂಗೈ ಮೇಲಿಂದ ತೋಳಿನೊಳಗೆ ಹರಿಯಿತು. ಬಹಳ ಹೊತ್ತು ಹರಿಯಿತು. ಕಾಫಿಯ ತಟ್ಟೆ ಹಿಡಿದು ಏಣಿ ಇಳಿದುಬಂದಿದ್ದ ಫೆನ್ನಾಳಿಗೆ ವಾಸನೆ ಮೊದಲು ತಟ್ಟಿತು. ತುಕ್ಕು, ಕೊಳೆ, ಅದರ ಮೇಲೆ ಲ್ಯಾವೆಂಡರ್. ಅವಳು ಒರೆಸುತ್ತಿದ್ದದ್ದು ಹಲಗೆಯ ಕೆಳಗೆ ಹರಿದು ಬಂದಷ್ಟನ್ನು ಮಾತ್ರ. ಉಳಿದದ್ದು ಆ ನೀಲಿ ನಕ್ಷತ್ರದ ಅಡಿಯಲ್ಲೇ ನಿಂತಿತ್ತು.

ಹಾರ್ಮ್ ಬೆರಳು ಮೂಸಿದ. ಮುಖ ಒಮ್ಮೆಗೇ ಮುದುಕನದಾಯಿತು.

"ನನ್ನ ಷವರು," ಎಂದ. "ಹೊರಗೆ ಮೂರು ಮೂರು ಕೈ ಬಣ್ಣ ಬಳ್ದು, ಒಳಗಿಂದ ನಾನೇ ಹಾಳ್ಮಾಡಿದೀನಿ. ಮುಚ್ಚಳ ಇಟ್ಟಿದ್ರೆ ನೋಡಿರ್ತಿದ್ದೆ. ನಂದೇ ತಪ್ಪು. ನಂದೊಬ್ಬಂದೇ."

"ಕಾಲುವೇಲಿ ಇದಾಗಿದ್ರೆ..." ಎಂದು ಬಾಸ್ಟಿಯಾನ್ ಶುರುಮಾಡಿ ನಿಲ್ಲಿಸಿದ. ಮೇಲೆ, ತಗಡಿನಾಚೆ ತೊಟ್ಟಿಲಿಗೆಂದು ಬಣ್ಣ ಬಳಿದ ಮೂಲೆಯಿದ್ದ ಕಡೆ ಅವನ ಕಣ್ಣು ಹೋದದ್ದನ್ನು ಫೆನ್ನಾ ಕಂಡಳು.

ಅವಳು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪನ್ನೆಲ್ಲ ಗಂಡ ತಾನೇ ಹೊತ್ತುಕೊಂಡಿದ್ದ. ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಕಾಫಿಯ ತಟ್ಟೆಯನ್ನು ಮರದ ದಿಮ್ಮಿಯ ಮೇಲಿಟ್ಟಳು.

"ನಂಗೆ ಗೊತ್ತಿತ್ತು, ಹಾರ್ಮ್."

"ಏನು ಗೊತ್ತಿತ್ತು?"

"ಸೋರತ್ತೆ ಅಂತ. ಶನಿವಾರ ನೀನು ಮೀನಿಗೆ ಹೋದಾಗ ನಾನು ಒರೆಸ್ತಿದ್ದೆ. ಇವತ್ತು ಬೆಳಿಗ್ಗೇನೂ ಒರೆಸಿದೆ."

"ಎಷ್ಟು ದಿನದಿಂದ?"

"ಇದು ಮೂರನೇ ಚಳಿಗಾಲ."

ವೀರ್ಸ್ಮಾ ಡಬ್ಬಿಯ ಬ್ಯಾಟರಿ ಬದಲಿಸಬೇಕೆಂದು ಹೇಳಿ ತನ್ನ ಕಾರಿನ ಕಡೆ ನಡೆದಳು. ಹಾರ್ಮ್ ತೋಳಿನ ನೀರು ಒರೆಸಿಕೊಳ್ಳಲಿಲ್ಲ. ಹೆಂಡತಿಯ ಮುಖ ನೋಡದೆ ಅವಳ ಪಕ್ಕದಲ್ಲೇ ಹಾದು ಕಟ್ಟೆಯ ತುದಿಗೆ ಹೋಗಿ ನೀರು ನೋಡುತ್ತ ನಿಂತ. ಕಾಫಿ ಆರಿಹೋಯಿತು.

ಒಂಬತ್ತು ದಿನ ಅವನು ಫೆನ್ನಾಳ ಜೊತೆ ಮಾತಾಡಲಿಲ್ಲ. ಅಂದರೆ ನೇರವಾಗಿ ಆಡಲಿಲ್ಲ.

"ನಿಮ್ಮತ್ತೆಗೆ ಹೇಳು, ಉಪ್ಪು ಬೇಕು."

"ಅತ್ತೆ ಇಲ್ಲೇ ಕೂತಿದಾರೆ ಮಾವ."

"ನಾನು ನಿಂಗೆ ಹೇಳ್ದೆ."

ಬಾಸ್ಟಿಯಾನ್ ಉಪ್ಪು ದಾಟಿಸಿದ. ಹಿಸುಕಿದ ಆಲೂಗಡ್ಡೆ ತಟ್ಟೆಯ ಒಂದು ಕಡೆಗೆ ಜಾರಿತು. ವೀರ್ಸ್ಮಾಳ ವರದಿ ಎರಡು ದಿನದಲ್ಲಿ ಬಂದಿತ್ತು: ಆರು ಪುಟ, ಒಂದು ನಕ್ಷೆ. ತಳದ ಉಳಿದ ಭಾಗ ಇನ್ನು ಇಪ್ಪತ್ತು ವರ್ಷಕ್ಕೆ ಯೋಗ್ಯ. ಸ್ನಾನದ ಮನೆಯ ಕೆಳಗೆ ಮೂರು ಮೀಟರ್ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ಒಳಗಿನಿಂದ ನೋಡಲು ಮುಚ್ಚಳ ಇಡಬೇಕು. ಆಮೇಲೆ ತಾನೇ ಬಂದು ನೋಡಿ ಸಹಿ ಹಾಕುವುದಾಗಿ ಬರೆದಿದ್ದಳು. ಇನ್ನೊಂದು ಚಳಿಗಾಲ ತಡೆಯುತ್ತಿರಲಿಲ್ಲ ಎಂಬ ಸಾಲನ್ನು ಫೆನ್ನಾ ಎಷ್ಟು ಸಲ ಓದಿದಳೋ. ರಾತ್ರಿಯ ಹೊತ್ತು ಆಗಿದ್ದರೆ, ಮಗು ಮಲಗಿದ್ದರೆ ಎಂದು ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಅದನ್ನೇ ಮತ್ತೆ ಓದುತ್ತಿದ್ದಳು.

ಭಾನುವಾರ ಯಾಂಟಿನಾ ಬಂದು, ಏಣಿ ಹತ್ತಲಾರದೆ ಕೆಳಗೇ ನಿಂತು ಇಬ್ಬರಿಗೂ ಸೇರಿಸಿ ಬೈದಳು.

"ಅಮ್ಮಾ, ನಿಂಗೆ ಬುದ್ಧಿ ಬೇಡ್ವಾ? ಒರೆಸಿದ್ರೆ ಹೋಗತ್ತಾ ಅದು?"

"ಹೋಗತ್ತೆ ಅಂತ್ಲೇ ಅಂದ್ಕೊಂಡಿದ್ದೆ ಕಣೆ."

"ಅಪ್ಪಾ, ಸಾಕು ಮಾಡು. ಮೂತಿ ಊದಿಸ್ಕೊಂಡ್ರೆ ತಗಡು ದಪ್ಪ ಆಗತ್ತಾ?"

ಡೆಕ್ಕಿನ ಮೇಲಿಂದ ಇಬ್ಬರೂ ಶಾಲೆಯಲ್ಲಿ ತಪ್ಪು ಮಾಡಿದವರ ಹಾಗೆ ಬೇರೆ ಬೇರೆ ದಿಕ್ಕು ನೋಡಿದರು.

ಬೆಸೆಯುವವರು ಬರುವ ಮುಂಚೆ ಸ್ನಾನದ ಮನೆಯ ನೆಲ ಕೀಳಬೇಕಿತ್ತು. ಬಾಸ್ಟಿಯಾನ್ ದೊಡ್ಡ ಸುತ್ತಿಗೆ ತಂದ; ಅರ್ಧ ಗಂಟೆಯ ಕೆಲಸ. ಹಾರ್ಮ್ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಒಡೆಯುವ ಸದ್ದಿಗೆ ಫೆನ್ನಾ ಕಿವಿಗೊಟ್ಟು ಕಾದಳು. ಬರಲಿಲ್ಲ. ಉಳಿಯಿಂದ ಕೆರೆಯುವ ಸಣ್ಣ ಸದ್ದು ಮೂರು ದಿನ ಬಂತು. ಮೂರನೆಯ ಸಂಜೆ ಬಾಗಿಲು ತೆರೆದಾಗ, ಹಳೆಯ ಪತ್ರಿಕೆ ಹಾಸಿ ಅವನು ಜೋಡಿಸಿದ್ದ ಟೈಲ್ಸು ಕಂಡವು. ಒಡೆದದ್ದು ಹನ್ನೊಂದು. ಉಳಿದವೆಲ್ಲ ಇಡಿಯಾಗಿ ಎದ್ದಿದ್ದವು.

"ಮುಚ್ಚಳಕ್ಕೆ ಜಾಗ ನಡುವೇನೇ ಬರತ್ತೆ," ಎಂದ. ಬಾಸ್ಟಿಯಾನ್ ಅಲ್ಲಿರಲಿಲ್ಲ. ಹೆಂಡತಿಗೇ ಹೇಳಿದ್ದು. "ನಕ್ಷತ್ರ ಎರಡು ಹೋಳಾಗತ್ತೆ."

"ಆಗ್ಲಿ ಬಿಡು."

ಹಾರ್ಮ್ ಉಳಿ ಒರೆಸುತ್ತ ಕೂತ. "ಸೋರಿದ್ದು ಹೋಗ್ಲಿ ಫೆನ್ನಾ. ನಾನು ಕಟ್ಟಿದ್ದು ಸೋರತ್ತೆ ಅಂತ ಹೇಳಿದ್ರೆ ಇವ್ನು ತಡ್ಕೊಳ್ಳಲ್ಲ ಅಂತ ಅಂದ್ಕೊಂಡ್ಯಲ್ಲ, ಅದು ಹೊಟ್ಟೆಗೆ ಹಾಕ್ಕೊಳ್ಳೋಕಾಗ್ತಿಲ್ಲ."

"ತಡ್ಕೊಂಡಿರ್ತಿದ್ಯಾ?"

ಅವನು ಉಳಿ ಕೆಳಗಿಟ್ಟ. "ಇಲ್ಲ," ಎಂದ.

ಫೆನ್ನಾಳಿಗೆ ನಗು ಬಂತು, ನಗುವಿನ ಜೊತೆ ಅಳುವೂ ಬಂತು. ಅವಳು ಅವನೆದುರು ನೆಲದಲ್ಲಿ ಕೂತು ಟೈಲ್ಸಿನ ಬೆನ್ನಿನ ಗಾರೆ ಕೆರೆಯತೊಡಗಿದಳು.

ಹೊಸ ತಗಡು ಬಂತು, ಅದರ ದುಡ್ಡಿಗೆ ಹಾರ್ಮನ ಹಳೆಯ ಮೋಟಾರುಸೈಕಲ್ಲು ಮಾರಿಹೋಯಿತು. ವೀರ್ಸ್ಮಾ ಬಂದು ಬೆಸುಗೆಯ ಗೆರೆಯುದ್ದಕ್ಕೂ ಮತ್ತೆ ಅಳೆದು, ಒಳಗಿನಿಂದಲೂ ನೋಡಿ, ಸಹಿ ಹಾಕಿದಳು. ಇನ್ನು ಯಾವಾಗ ಬರುತ್ತೀರಿ ಎಂದು ಹಾರ್ಮನೇ ಕೇಳಿದ. "ಐದು ವರ್ಷಕ್ಕೆ. ನಡುವೆ ನೀವೇ ನೋಡ್ತಿರಿ, ಒಳಗೂ," ಎಂದಳು. ವರದಿ ಏಪ್ರಿಲ್ ಇಪ್ಪತ್ತಾರಕ್ಕೆ ವಿಮೆಯವರಿಗೆ ಸೇರಿತು. ಯೊಹಾನ್ನಾ ನೀರಿಗಿಳಿದು ತನ್ನ ಜಾಗಕ್ಕೆ ಬಂತು; ಯಾಂಟಿನಾ ಏಳನೇ ಮಹಡಿಯಿಂದ ಇಳಿದು ಬಂದಳು. ತೊಟ್ಟಿಲು ತಂದು ಇಟ್ಟವನು ಬಾಸ್ಟಿಯಾನ್.

ಶನಿವಾರ ಒಂಬತ್ತಕ್ಕೆ ಹಾರ್ಮ್ ಟೋಪಿ ಹಾಕಿಕೊಂಡ. ಮೆಟ್ಟಿಲ ಬಳಿ ಹೋದವನು ಹಿಂದಿರುಗಿದ.

"ಸ್ಪಂಜು ತಗೊಂಡ್ ಬಾ."

ಇಬ್ಬರೂ ಸ್ನಾನದ ಮನೆಯಲ್ಲಿ ಮೊಣಕಾಲೂರಿದರು. ಅವನು ಎರಡು ಹೋಳಾದ ನಕ್ಷತ್ರದ ನಡುವಿನ ಮುಚ್ಚಳ ಎತ್ತಿ ಟಾರ್ಚ್ ಹಿಡಿದ. "ಕೈ ಹಾಕಿ ನೋಡು. ನನಗಿಂತ ನಿನ್ನ ಕೈಗೆ ಗೊತ್ತಾಗತ್ತೆ."

ಫೆನ್ನಾ ಭುಜದವರೆಗೆ ಕೈ ಇಳಿಸಿ ತಗಡಿನ ಮೇಲೆ ಅಂಗೈ ಆಡಿಸಿದಳು. ಮೂಲೆ ಮೂಲೆ ತಡವಿದಳು. ಅಂಗೈ ತೆಗೆದು ಅವನಿಗೆ ತೋರಿಸಿದಳು.

"ಒಣಗಿದೆ."

"ಒದ್ದೆ ಆದ್ರೆ?"

"ಹೇಳ್ತೀನಿ."

"ನಾನು ಕೂಗಾಡಿದ್ರೂ?"

"ನೀನು ಕೂಗಾಡಿದ್ರೂ."

ಅವನು ಮುಚ್ಚಳ ಮುಚ್ಚಿ, ಮಂಡಿ ಹಿಡಿದುಕೊಂಡು ಎದ್ದ. ಮಾರುಕಟ್ಟೆಯ ಚೀಲ ಬಾಗಿಲ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ತೆಗೆದುಕೊಂಡು, ವಾಡಿಕೆಯಂತೆ, ಉತ್ತರ ಗೊತ್ತಿರುವವನ ಹಾಗೆ ಅರ್ಧ ತಿರುಗಿಕೊಂಡೇ ಕೇಳಿದ.

"ಬರ್ತೀಯಾ?"

ಫೆನ್ನಾ ಒಣಗಿದ ಸ್ಪಂಜನ್ನು ಬಕೆಟ್ಟಿಗೆ ಹಾಕಿದಳು. ಮೂರು ಚಳಿಗಾಲದಲ್ಲಿ ಮೊದಲ ಸಲ ಅವಳಿಗೆ ಶನಿವಾರ ಬೆಳಿಗ್ಗೆ ಏನೂ ಕೆಲಸವಿರಲಿಲ್ಲ.

"ತಡಿ," ಎಂದಳು, "ಕೋಟ್ ಹಾಕ್ಕೊಂಡ್ ಬರ್ತೀನಿ."